ಮಳೆ ಒಂದೇ, ನೆಲ ಯಾರದು?

ವಿಲೆ ಪಾರ್ಲೆಯಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹತ್ತಿದರೆ ಮಾಹಿಮ್ ನಾಲ್ಕನೆಯ ಸ್ಟೇಷನ್ನು. 1689ರಲ್ಲಿ ಆ ಮಾಹಿಮ್ ಆಫ್ರಿಕ ಮೂಲದ ಒಬ್ಬ ಸೇನಾಪತಿಯ ಕೈಯಲ್ಲಿತ್ತು. ಜಂಜೀರಾ ಕಡಲಕೋಟೆಯ ಸಿದ್ದಿ ಯಾಕೂತ್ ಖಾನ್ ಔರಂಗಜೇಬನ ಪರವಾಗಿ ಬಂದು ಶಿವಡಿ, ಮಜಗಾಂವ್, ಮಾಹಿಮ್‌ಗಳನ್ನು ಹಿಡಿದು ಈಸ್ಟ್ ಇಂಡಿಯಾ ಕಂಪನಿಯವರನ್ನು ಅವರ ಕೋಟೆಯೊಳಗೇ ಕೂಡಿಹಾಕಿದ್ದ. ಕಂಪನಿ ಬಾದಶಹನಲ್ಲಿ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ ಮೇಲೆಯೇ, 1690ರಲ್ಲಿ, ಆತ ಮುಂಬಯಿ ಬಿಟ್ಟದ್ದು. ಆಗ ಮಾಹಿಮ್ ಕೊಲ್ಲಿಯ ಈಚೆ ದಡ, ಎಂದರೆ ಇಂದು ನಾನು ಕೂತು ಬರೆಯುತ್ತಿರುವ ಪಾರ್ಲೆಯೂ ಸೇರಿದ ಸಾಷ್ಟಿ ದ್ವೀಪ, ಪೋರ್ಚುಗೀಸರದಾಗಿತ್ತು. ಅವರು ಮೊಜಾಂಬಿಕ್‌ನಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ಗೋವೆಗೆ ತರುತ್ತಿದ್ದರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿಯೇ ಬಹುಮಟ್ಟಿಗೆ ನನ್ನ ತವರು ಯಲ್ಲಾಪುರ ಸೀಮೆಯ ಸಿದ್ದಿಗಳು.

ಜಂಜೀರಾದವರ ಮೂಲವಾದ ಅಬಿಸೀನಿಯ (ಇಥಿಯೋಪಿಯ) ಬೇರೆ, ಮೊಜಾಂಬಿಕ್ ಬೇರೆ ಎಂಬುದು ನನಗೆ ಗೊತ್ತು. ಆದರೂ ಎರಡೂ ಪೂರ್ವ ಆಫ್ರಿಕವೇ. ಎರಡು ಕಡೆಯಿಂದಲೂ ಜನ ಬಂದದ್ದು ಹೆಚ್ಚಾಗಿ ಮಾರಾಟವಾಗಿಯೇ. ಇಲ್ಲಿ ಇಬ್ಬರಿಗೂ ಹೆಸರು ಒಂದೇ, ಸಿದ್ದಿ. ಒಬ್ಬರು ಕಡಲಿನ ನಡುವೆ ಕೋಟೆ ಕಟ್ಟಿ ಆಳಿದರು. ಇನ್ನೊಬ್ಬರು ನಮ್ಮಂಥವರ ಅಡಿಕೆ ತೋಟಕ್ಕೆ ಸೊಪ್ಪು ಹೊತ್ತರು. ಯಾಕೆ ಹೀಗಾಯಿತು ಎಂದು ಕೇಳಿದಾಗ ನನಗೆ ಬಾಲ್ಯದಲ್ಲಿ ಸಿಕ್ಕ ಉತ್ತರ ಒಂದೇ. ಅಜ್ಜ ಹೇಳುತ್ತಿದ್ದರು: "ಅದು ಅವರವರ ಪ್ರಾರಬ್ಧ ಕೂಸೇ, ನಾವೆಂತ ಮಾಡಲಾಗ್ತು?"

ಅಜ್ಜ ಕ್ರೂರಿಯಲ್ಲ. ಆಳುಗಳಿಗೆ ಹೊಟ್ಟೆ ತುಂಬ ಬಡಿಸಿದ ಮೇಲೆಯೇ ತಾವು ಎಲೆಯ ಮುಂದೆ ಕೂರುತ್ತಿದ್ದವರು. ಸಂಸ್ಕೃತ ಓದಿಕೊಂಡಿದ್ದವರು. ಅವರ ಉತ್ತರದ ಹಿಂದೆ ದೊಡ್ಡ ಶಾಸ್ತ್ರವೇ ಇತ್ತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. ಒಬ್ಬನನ್ನು ಸುಖದಲ್ಲಿ, ಇನ್ನೊಬ್ಬನನ್ನು ದುಃಖದಲ್ಲಿ ಹುಟ್ಟಿಸುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಅಲ್ಲ, ಆತ ಜೀವಿಗಳ ಕರ್ಮವನ್ನು ನೋಡಿಕೊಂಡೇ ಸೃಷ್ಟಿಸುತ್ತಾನೆ ಎಂಬುದು ಅಲ್ಲಿಯ ಸಮಾಧಾನ. ಶಂಕರರು ಅದಕ್ಕೆ ಕೊಡುವ ದೃಷ್ಟಾಂತ ಮಳೆಯದು. ಮಳೆ ಎಲ್ಲದಕ್ಕೂ ಸಮಾನ ಕಾರಣ. ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದಿಂದ. ಮೊದಲ ಸೃಷ್ಟಿಯಲ್ಲಿ ಕರ್ಮವೇ ಇರಲಿಲ್ಲವಲ್ಲ ಎಂದರೆ, ಸಂಸಾರಕ್ಕೆ ಮೊದಲೇ ಇಲ್ಲ ಎಂಬ ಉತ್ತರ ಮುಂದಿನ ಸೂತ್ರದಲ್ಲಿ ಸಿದ್ಧವಾಗಿದೆ.

ಇಲ್ಲಿ ಪಾರ್ಲೆಯಲ್ಲಿ ನಮ್ಮ ವೇದಾಂತದ ತರಗತಿಯಲ್ಲಿ ಈ ಭಾಗ ಓದುವಾಗ ನಾನು ಬಹಳ ಹೊತ್ತು ನಿಂತದ್ದು ಆ ಮಳೆಯ ಹತ್ತಿರ. ನಾನು ಘಟ್ಟದ ಮಳೆ ಕಂಡು ಬೆಳೆದವಳು. ಮಳೆ ಮತ್ತು ಬೀಜ ಎರಡೇ ಸೇರಿ ಬೆಳೆ ಬಂದದ್ದನ್ನು ಎಲ್ಲೂ ಕಂಡಿಲ್ಲ. ನಡುವೆ ನೆಲವಿರುತ್ತದೆ. ನೆಲಕ್ಕೆ ಬೇಲಿಯಿರುತ್ತದೆ, ಬೇಲಿಗೆ ಒಡೆಯನಿರುತ್ತಾನೆ. ಆಚಾರ್ಯರು ದೇವರ ನಿರ್ದೋಷತ್ವ ಸಾಧಿಸಲು ಹೊರಟಿದ್ದರು, ಅವರಿಗೆ ನೆಲದ ಮಾತು ಬೇಕಿರಲಿಲ್ಲ. ಆದರೆ ಅದೇ ದೃಷ್ಟಾಂತವನ್ನು ತೋಟದ ಒಡೆಯ ತನ್ನ ನಿರ್ದೋಷತ್ವಕ್ಕೆ ಬಳಸಿಕೊಂಡರೆ ನೆಲದ ಲೆಕ್ಕ ಕೇಳಲೇಬೇಕಾಗುತ್ತದೆ.

ಹಾಗಾಗಿ ಇಬ್ಬರು ಸಿದ್ದಿಗಳ ನೆಲವನ್ನು ನೋಡೋಣ.

ನಮ್ಮ ಸೊಸೈಟಿಯ ಮರಾಠಿ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಒಂದು ವರ್ಷ ಜಂಜೀರಾ ಕಟ್ಟಿದರು. ಸುತ್ತ ನೀರು ನಿಲ್ಲಿಸಿ, ಬುರುಜುಗಳ ಮೇಲೆ ಪುಟ್ಟ ತೋಪು ಇಟ್ಟಿದ್ದರು. ಸಿದ್ದಿ ಎಂದರೆ ಅವರಿಗೆ ಶಿವಾಜಿ ಮಹಾರಾಜರೂ ಸಂಭಾಜಿಯೂ ಗೆಲ್ಲಲಾಗದ ಆ ಕೋಟೆಯವನು, ಇಲ್ಲವೇ 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೌಹರ್. ಬಡ ಸಿದ್ದಿ ಎಂಬ ಚಿತ್ರವೇ ಅವರ ಮನಸ್ಸಿನಲ್ಲಿಲ್ಲ. ನನ್ನ ತವರಿನ ಮಕ್ಕಳಿಗೆ ಸಿರಿವಂತ ಸಿದ್ದಿ ಎಂಬ ಚಿತ್ರವಿಲ್ಲ.

ಜಂಜೀರಾಕ್ಕೆ ನಾನೂ ಹೋಗಿದ್ದೇನೆ. ರಾಜಪುರಿಯಿಂದ ಹಾಯಿದೋಣಿಯಲ್ಲಿ ಹೋಗಬೇಕು. ಹತ್ತಿರ ಬರುವ ತನಕ ಬಾಗಿಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಬಾಗಿಲ ಬಳಿಯ ಕಲ್ಲಿನಲ್ಲಿ ಹುಲಿಯಂಥ ಮೃಗವೊಂದು ಆನೆಗಳನ್ನು ಪಂಜದಲ್ಲಿ ಅದುಮಿ ಹಿಡಿದ ಕೆತ್ತನೆಯಿದೆ. ಹಿಂತಿರುಗುವಾಗ ಮುರುಡ್‌ನ ಗುಡ್ಡದ ಮೇಲೆ ನವಾಬರ ಅರಮನೆ ಕಾಣುತ್ತದೆ. ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು.

ಇವರು ಹೇಗೆ ಮೇಲೆ ಬಂದರು? ದಖ್ಖನಿನ ಸುಲ್ತಾನರು ಹಬ್ಷಿ, ಎಂದರೆ ಅಬಿಸೀನಿಯದ, ಹುಡುಗರನ್ನು ಕೊಂಡದ್ದು ಕತ್ತಿ ಹಿಡಿಯಲು. ಕೊಂಡವರು ಓದು ಕಲಿಸಿದರು, ಕುದುರೆ ಕೊಟ್ಟರು. ಯಜಮಾನ ಸತ್ತರೆ ಸ್ವತಂತ್ರನಾಗುವ, ಜಹಗೀರು ಪಡೆಯುವ ದಾರಿ ತೆರೆದಿತ್ತು. ಮಲಿಕ್ ಅಂಬರ್ 1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿದ. ಮೂಲ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗುತ್ತ ಅಹಮದ್‌ನಗರಕ್ಕೆ ಬಂದ. ಅವನನ್ನು ಅಲ್ಲಿ ಕೊಂಡ ಪೇಶ್ವೆ ಚೆಂಗಿಸ್ ಖಾನನೂ ಹಬ್ಷಿಯೇ. ಅದೇ ಗುಲಾಮ ಮುಂದೆ ರಾಜ್ಯದ ಸೂತ್ರ ಹಿಡಿದು ಮೊಗಲರನ್ನು ದಶಕಗಳ ಕಾಲ ತಡೆದ, ನೆಲದ ಕಂದಾಯ ಕ್ರಮಪಡಿಸಿದ, ಖಡ್ಕಿ ಎಂಬ ಊರು ಕಟ್ಟಿದ. ನಾವು ಔರಂಗಾಬಾದ್ ಎಂದು ಕರೆಯುತ್ತಿದ್ದ ಊರು ಅದು. ಅಂಬರ್ 1626ರಲ್ಲಿ ತೀರಿಕೊಂಡ.

ಗೋವೆಗೆ ಬಂದವರಿಗೆ ಈ ದಾರಿ ಇರಲಿಲ್ಲ. ಅವರನ್ನು ಕೊಂಡದ್ದು ಮನೆಗೆಲಸಕ್ಕೆ, ಪಲ್ಲಕ್ಕಿ ಹೊರಲು, ಹೊಲ ಗೇಯಲು. ಅವರಿಗಿದ್ದ ಬಿಡುಗಡೆ ಎಂದರೆ ಓಡಿಹೋಗುವುದು. ಓಡಿದರೆ ಕಾಡು. ಆ ಕಾಡಿನಲ್ಲಿಯೂ ತೋಟ ಗದ್ದೆಗಳೆಲ್ಲ ಆಗಲೇ ಯಾರಾದರೊಬ್ಬರ ಹೆಸರಿನಲ್ಲಿದ್ದವು.

ಇದನ್ನು ಬರೆಯುವಾಗ ನನಗೆ ಅತ್ಯಂತ ಹತ್ತಿರದ ಸಂಗತಿ ಸೊಪ್ಪಿನ ಬೆಟ್ಟದ್ದು. ಉತ್ತರ ಕನ್ನಡದಲ್ಲಿ ಅಡಿಕೆ ತೋಟ ಇದ್ದವರಿಗೆ ಬ್ರಿಟಿಷರ ಕಾಲದಿಂದ ಒಂದು ಸವಲತ್ತು ಉಂಟು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡು. ಅದರಿಂದ ಸೊಪ್ಪು, ದರಕು, ಕಟ್ಟಿಗೆ ತರಬಹುದು. ತೋಟದ ಬುಡಕ್ಕೆ ಬೀಳುವ ಗೊಬ್ಬರವೆಲ್ಲ ಆ ಬೆಟ್ಟದ್ದೇ. ನಮ್ಮ ತೋಟಕ್ಕೂ ಬೆಟ್ಟವಿತ್ತು. ಆ ಸೊಪ್ಪನ್ನು ಕಡಿದು ಹೊತ್ತು ತರುತ್ತಿದ್ದವರು ಸಿದ್ದಿಗಳು. ಬೆಟ್ಟದ ಅಂಚಿನಲ್ಲೇ ಅವರ ಗುಡಿಸಲು. ಜೇನು, ಮುರುಗಲು, ಸೀಗೆ ಆರಿಸಿ ಮಾರುವುದು ಅವರ ಇನ್ನೊಂದು ಜೀವನ. ಆದರೆ ಆ ಕಾಡಿನಲ್ಲಿ ದಾಖಲೆಯ ಹಕ್ಕು ಇದ್ದದ್ದು ಊರೊಳಗೆ ವಾಸವಿದ್ದ ನಮಗೆ. ಕಾಡಿನಲ್ಲೇ ಹುಟ್ಟಿದವರು ಕಾಗದದಲ್ಲಿ ಅತಿಕ್ರಮಣದಾರರು.

ಸೊಪ್ಪು ಹೊರುತ್ತಿದ್ದವರಲ್ಲಿ ಒಬ್ಬ ಹಿರಿಯಳಿದ್ದಳು. ಮಳೆಗಾಲದಲ್ಲಿ ಹರಕು ಸೀರೆ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ನಾಲ್ಕು ಮೂಲೆಗೂ ಬಟ್ಟೆಯ ಹೂವು ಮಡಿಸಿ ಕೂರಿಸದೆ ಕೌದಿ ಮುಗಿಯಿತು ಎನ್ನುತ್ತಿರಲಿಲ್ಲ. ಮೂಲೆ ಬರಿದಾಗಿದ್ದರೆ ಕೌದಿ ಬತ್ತಲೆ ಎಂಬುದು ಸಿದ್ದಿಗಳ ನಂಬಿಕೆ. ನಾನು ಹುಡುಗಿಯಾಗಿದ್ದಾಗ ಅವಳನ್ನು ಕೇಳಿದ್ದೆ, ನೀನು ನಮ್ಮನೆಯಲ್ಲೇ ಯಾಕೆ ಕೆಲಸ ಮಾಡುತ್ತೀಯ ಎಂದು. ಅವಳು ಸೂಜಿ ನಿಲ್ಲಿಸದೆ ಹೇಳಿದಳು: "ನನ್ನಪ್ಪ ನಿಮ್ಮಜ್ಜನ ಹತ್ರ ಸಾಲ ಮಾಡಿದ್ದ ತಂಗಿ. ನನ್ನ ಮದುವಿಗೆ. ಅದು ತೀರಲಿಲ್ಲ."

ಅಜ್ಜ ಹಿಂದಿನ ಜನ್ಮದ ತನಕ ಹೋದರು. ಅವಳಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ಅವಳ ಕಾರಣ ಅಪ್ಪನ ಸಾಲದಲ್ಲಿಯೇ ಸಿಕ್ಕಿತು. 1976ರ ಜೀತ ನಿರ್ಮೂಲನ ಕಾಯ್ದೆ ಅಂಥ ಸಾಲಗಳನ್ನೆಲ್ಲ ರದ್ದುಮಾಡಿತು. ಪ್ರಾರಬ್ಧ ಭೋಗಿಸಿಯೇ ತೀರಬೇಕು ಎನ್ನುತ್ತದೆ ಶಾಸ್ತ್ರ. ಅವಳದು ಒಂದು ಕಾಯ್ದೆಯಿಂದ ತೀರಬಹುದಾಗಿತ್ತು ಎಂದರೆ ಅದು ಪ್ರಾರಬ್ಧವಲ್ಲ, ಸಾಲವೇ.

ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ, ಅಂಕೋಲಾಗಳ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಬ್ಬರು ಹಿರಿಯರಿಗೆ ತೆಂಗಿನಕಾಯಿ ಇಡುತ್ತಾರೆ, ಒಬ್ಬರು ಶುಕ್ರವಾರ ನಮಾಜಿಗೆ ಹೋಗುತ್ತಾರೆ, ಒಬ್ಬರು ಭಾನುವಾರ ಇಗರ್ಜಿಗೆ. ದೇವರು ಬೇರೆಯಾದರೂ ಡಮಾಮಿ ಡೋಲು ಹೊಡೆದರೆ ಕುಣಿಯುವ ಕಾಲು ಒಂದೇ. ದೇವರು ಬೇರೆಯಾದರೂ ಕೂಲಿಯೂ ಒಂದೇ. ಬಡತನಕ್ಕೆ ಕಾರಣ ಜೀವ ಮತ್ತು ದೇವರ ನಡುವಿನ ವ್ಯವಹಾರವಾಗಿದ್ದರೆ ಮೂರು ಮತಗಳಲ್ಲಿ ಎಲ್ಲಾದರೂ ವ್ಯತ್ಯಾಸ ಕಾಣಬೇಕಿತ್ತು.

ಹಾಗೆಂದು ಜಂಜೀರಾದ ಸಿರಿ ಎಲ್ಲ ಸಿದ್ದಿಗಳಿಗೂ ಹಂಚಿಹೋಯಿತೆಂದು ತಿಳಿಯಬಾರದು. ನವಾಬರ ಸಿರಿ ಕೊಂಕಣದ ರೈತನ ಕಂದಾಯದಿಂದ ಬಂದದ್ದು. ಗುಜರಾತಿನಲ್ಲಿ ಅದೇ ಕುಲದವರಿಗೆ ಸಚಿನ್ ಎಂಬ ಸಂಸ್ಥಾನವಿತ್ತು. ಅದೇ ಗುಜರಾತಿನ ಗಿರ್ ಕಾಡಂಚಿನ ಜಾಂಬೂರಿನ ಸಿದ್ದಿಗಳು ಇಂದಿಗೂ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಅಲ್ಲಿಯ ಹೀರಾಬಾಯಿ ಲೋಬಿಯವರು ಹೆಂಗಸರ ಕೈಗೆ ಉಳಿತಾಯ, ಗೊಬ್ಬರದ ಕೆಲಸ, ಬ್ಯಾಂಕಿನ ಖಾತೆ ಕೊಡಿಸಿ 2023ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಕಡೆ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ಬಂದರು. ಒಂದೇ ಕುಲದೊಳಗೂ ನೆಲ ಮತ್ತು ಅಧಿಕಾರ ಸಿಕ್ಕ ಕಡೆ ಒಂದು ಬಗೆ, ಸಿಗದ ಕಡೆ ಇನ್ನೊಂದು ಬಗೆ.

ಕರ್ಮಸಿದ್ಧಾಂತವನ್ನು ನಾನು ಬಿಟ್ಟಿಲ್ಲ. ನನ್ನ ಗಂಡ ತೀರಿಕೊಂಡ ವರ್ಷ ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಇದು ನನ್ನ ಪಾಲಿಗೆ ಬಂದದ್ದು, ಯಾರನ್ನೂ ಶಪಿಸದೆ ಹೊರಬೇಕು ಎಂದುಕೊಂಡೆ, ಹೊತ್ತೆ. ನನ್ನ ದುಃಖಕ್ಕೆ ನಾನೇ ಹೇಳಿಕೊಂಡಾಗ ಅದು ಧೈರ್ಯ ಕೊಟ್ಟಿತು. ಅದನ್ನೇ ನಾನು ಆ ಕೌದಿ ಹೊಲಿಯುವವಳಿಗೆ ಹೇಳಿದ್ದರೆ ಅದು ಕಳ್ಳಸಾಕ್ಷಿಯಾಗುತ್ತಿತ್ತು, ಅವಳ ಸಾಲದ ಪತ್ರ ನಮ್ಮ ಪೆಟ್ಟಿಗೆಯಲ್ಲೇ ಇತ್ತಲ್ಲ. ಕರ್ಮದ ಮಾತು ಆಡುವ ಅಧಿಕಾರ ಅನುಭವಿಸುವವನಿಗೆ ಮಾತ್ರ ಎಂಬುದು ನನ್ನ ದೃಢವಾದ ನಂಬಿಕೆ.

ಇದು ನಾನೊಬ್ಬಳೇ ಕಟ್ಟಿದ ವಾದವಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಗೋರಕ್ಷಣೆಯ ಪ್ರಚಾರಕನೊಬ್ಬ ವಿವೇಕಾನಂದರ ಬಳಿ ಚಂದಾ ಕೇಳಲು ಬಂದ. ಮಧ್ಯ ಭಾರತದಲ್ಲಿ ಬರಗಾಲದಿಂದ ಲಕ್ಷಾಂತರ ಜನ ಸತ್ತಿದ್ದರು. ಅವರಿಗೆ ನಿಮ್ಮ ಸಂಸ್ಥೆ ಏನು ಮಾಡಿದೆ ಎಂದು ಸ್ವಾಮೀಜಿ ಕೇಳಿದರು. ಬರ ಬಂದದ್ದು ಜನರ ಕರ್ಮದಿಂದ ಎಂದ ಅವನು. ಸ್ವಾಮೀಜಿ ಕೆಂಡವಾದರು. ಹಾಗಾದರೆ ಹಸುಗಳು ಕಟುಕನ ಕೈಗೆ ಹೋಗುವುದೂ ಅವುಗಳ ಕರ್ಮದಿಂದಲೇ, ಅದಕ್ಕೂ ನಾವೇನೂ ಮಾಡಬೇಕಾಗಿಲ್ಲ ಎಂದರು. ಬೈಬಲ್ಲಿನ ಯೋಬನ ಕಥೆಯಲ್ಲೂ, ನೀನು ಪಾಪ ಮಾಡಿರಲೇಬೇಕು ಎಂದು ನೊಂದವನಿಗೆ ಉಪದೇಶಿಸಿದ ಗೆಳೆಯರ ಮೇಲೆ ಕೊನೆಗೆ ದೇವರೇ ಸಿಟ್ಟಾಗುತ್ತಾನೆ. ಇಸ್ಲಾಮಿನಲ್ಲಿ ಮೊದಲ ಬಾಂಗ್ ಕೂಗಿದ ಬಿಲಾಲ್ ಅಬಿಸೀನಿಯ ಮೂಲದವನು, ಗುಲಾಮನಾಗಿದ್ದವನು. ಅವನನ್ನು ಹಣ ಕೊಟ್ಟು ಬಿಡಿಸಿದ ಅಬೂಬಕ್ಕರ್ ಅದು ಬಿಲಾಲನ ಹಣೆಬರಹ ಎಂದು ಸುಮ್ಮನಿರಲಿಲ್ಲ.

ಮತ್ತೆ ನಮ್ಮ ಕಾಡಿಗೆ ಬರೋಣ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಇದರ ಬೆಲೆ ತಿಳಿದದ್ದು 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ. ಕಾಡಿನ ನೆಲದ ಹಕ್ಕಿಗೆ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರು ಎಂದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಎಂದರೆ 75 ವರ್ಷದ ವಾಸ ರುಜುಪಡಿಸಬೇಕು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಈ ಮಾನ್ಯತೆ ಬಂದದ್ದು 2020ರಲ್ಲಿ. ಹದಿನೇಳು ವರ್ಷ, ಒಂದೇ ಕಾಡಿನಲ್ಲಿ ಜಿಲ್ಲೆಯ ಗಡಿಯ ಆಚೆಗೊಂದು, ಈಚೆಗೊಂದು ನ್ಯಾಯ. ಇದಕ್ಕೆ ಯಾವ ಜನ್ಮದ ಪಾಪವನ್ನು ಹುಡುಕುವುದು?

ಆ ಕಾಯ್ದೆಯ ನಿಯಮಗಳಲ್ಲಿ ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪುತ್ತಾರೆ. ಕೌದಿ ಹೊಲಿಯುತ್ತಿದ್ದವಳ ಮೊಮ್ಮಗ ನಮ್ಮ ಬೆಟ್ಟದ ಅಂಚಿನ ಜಾಗಕ್ಕೆ ಅರ್ಜಿ ಹಾಕಿದಾಗ ಅಂಥ ಹೇಳಿಕೆಗಾಗಿ ನನ್ನನ್ನು ಕೇಳಿದ. ನಾನು ಊರಿಗೆ ಹೋಗಿ ಅರಣ್ಯ ಹಕ್ಕು ಸಮಿತಿಯ ಮುಂದೆ ಕೂತು ಬರೆದುಕೊಟ್ಟೆ. ಬಾವಿಯ ದಿಕ್ಕು, ಹಲಸಿನ ಮರ, ಅವನ ಅಜ್ಜಿ ಒಲೆ ಹೂಡಿದ್ದ ಜಾಗ, ನಾನು ಅಲ್ಲಿ ಕೂತು ಜೇನು ತಿಂದದ್ದು, ಎಲ್ಲವನ್ನೂ ಬರೆದೆ.

ಅಣ್ಣನಿಗೆ ಇದು ಸರಿಬರಲಿಲ್ಲ. "ಮುಂಬಯಿಯಲ್ಲಿ ಕೂತವಳಿಗೆ ತೋಟದ ಕಷ್ಟ ಎಂತ ಗೊತ್ತಿದ್ದು? ಬೆಟ್ಟ ಹೋದ್ರೆ ಸೊಪ್ಪು ಎಲ್ಲಿಂದ ತರವು?" ಎಂದ. ಅವನ ಚಿಂತೆ ಸುಳ್ಳಲ್ಲ. ಅಡಿಕೆಗೆ ಕೊಳೆ, ಎಲೆಚುಕ್ಕಿ ರೋಗ, ಕೆಲಸಕ್ಕೆ ಜನವಿಲ್ಲ. ನಾನು ಹೇಳಿದೆ: "ಅಣ್ಣ, ನಮಗೆ ಇರುವುದು ಬೆಟ್ಟದ ಸೊಪ್ಪಿನ ಹಕ್ಕು. ನೆಲ ಯಾವತ್ತೂ ನಮ್ಮದಾಗಿರಲಿಲ್ಲ. ಅವರು ಕೇಳುತ್ತಿರುವುದು ಮನೆ ನಿಂತ ಜಾಗ, ಅದರ ಸುತ್ತಿನ ಗದ್ದೆ, ಅಷ್ಟೇ." ಅವನು ಆ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅರ್ಜಿ ಗ್ರಾಮಸಭೆ ದಾಟಿ ಉಪವಿಭಾಗ ಮಟ್ಟದ ಸಮಿತಿಗೆ ಹೋಗಿದೆ. ಮತ್ತೆ ವಿಚಾರಣೆಗೆ ಕರೆದರೆ ನಾನು ಹೋಗುತ್ತೇನೆ.