ತಲೆಬಾಗಿದರೂ ಬಿಡದ ಹಗೆ


*ಇಂದಿನ ಚಿಂತನೆ*

ಕೋಪ ಬಂದಾಗ ಎದುರಿಗಿದ್ದವರನ್ನು ‘ಫ್ಯಾಸಿಸ್ಟ್’, ‘ನಾಜಿ’ ಎಂದುಬಿಡುತ್ತೇವೆ. ಎರಡೂ ಒಂದೇ ಎಂದು ನಾನೂ ತರಗತಿಯಲ್ಲಿ ಹೇಳಿದ್ದೆ. ಅದು ತಪ್ಪು.

1922ರಲ್ಲಿ ಇಟಲಿಯ ಅಧಿಕಾರ ಹಿಡಿದ ಮುಸೊಲಿನಿಯ ಫ್ಯಾಸಿಸಂಗೆ ಪ್ರಭುತ್ವವೇ ದೇವರು. ಎಲ್ಲರೂ ಅದಕ್ಕೆ ತಲೆಬಾಗಬೇಕು. ಆರಂಭದಲ್ಲಿ ಆ ಪಕ್ಷದಲ್ಲಿ ಯಹೂದಿಗಳೂ ಇದ್ದರು. ಹಿಟ್ಲರನ ನಾಜಿಸಂ ಇದರ ಜೊತೆಗೆ ರಕ್ತವನ್ನೂ ಅಳೆಯಿತು. 1935ರ ನ್ಯೂರೆಂಬರ್ಗ್ ಕಾನೂನುಗಳಡಿ ಅಜ್ಜ-ಅಜ್ಜಿಯರ ಲೆಕ್ಕ ಹಾಕಿದರು. ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ, ಕ್ರೈಸ್ತನಾಗಿ ಮತಾಂತರಗೊಂಡವನೂ ಯಹೂದಿಯೇ! ತಲೆಬಾಗಿದರೂ ಬಿಡುಗಡೆಯಿಲ್ಲ.

ಧಮ್ಮದೀಕ್ಷೆಯ ನಂತರವೂ ‘ಮೊದಲು ನೀವು ಯಾವ ಜನ?’ ಎಂದು ಕೇಳಿಸಿಕೊಳ್ಳುವ ನಮಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಫ್ಯಾಸಿಸಂ ಕಡಿಮೆ ಕೇಡಲ್ಲ. 1938ರಲ್ಲಿ ಇಟಲಿಯೂ ಯಹೂದಿಗಳ ವಿರುದ್ಧ ಜನಾಂಗೀಯ ಕಾನೂನು ತಂದಿತು. ಆಳುವವರನ್ನು ಪ್ರಶ್ನಿಸುವಂತಿಲ್ಲದ ನಾಡಿನಲ್ಲಿ ನೆರೆಯವನ ಹುಟ್ಟನ್ನು ಅಪರಾಧವಾಗಿಸಲು ಹೆಚ್ಚು ಕಾಲ ಬೇಕಾಗಲಿಲ್ಲ.

ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯಿಂದ ಮಾತ್ರ ಎಂದು ಬುದ್ಧರು ವಸಲ ಸುತ್ತದಲ್ಲಿ ಬೋಧಿಸಿದರು. ಈ ಪದಗಳನ್ನು ಬರೀ ಬೈಗುಳ ಮಾಡಿಕೊಂಡರೆ, ನಿಜವಾದ ಕೇಡು ಬಾಗಿಲಿಗೆ ಬಂದಾಗ ಗುರುತಿಸುವುದು ಹೇಗೆ? ಕೇಡನ್ನು ಅದರದೇ ಹೆಸರಿನಿಂದ ಕರೆಯುವುದೂ ಸಮ್ಮಾ ವಾಚಾ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙