ಅಟ್ಟದ ಮೇಲಿನ ಪುಸ್ತಕ

ನಾನು ಎಂ.ಎ. ಮುಗಿಸಿದ್ದು ಝೆರಾಕ್ಸ್ ಪುಸ್ತಕಗಳನ್ನು ಓದಿ. ಹತ್ತನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಪುಕ್ಕಟೆ ಸಿಗುತ್ತಿತ್ತು; ಪುಸ್ತಕಕ್ಕೂ ಬೆಲೆಯಿದೆ ಎಂದು ಗೊತ್ತಾದದ್ದೇ ಪಿಯುಸಿಗೆ ಸೇರಿದ ಮೇಲೆ. ಎಂ.ಎ.ಗೆ ಬರುವಷ್ಟರಲ್ಲಿ ಗ್ರಂಥಾಲಯದಲ್ಲಿ ಒಂದು ಪ್ರತಿ, ತರಗತಿಯಲ್ಲಿ ನಲವತ್ತು ಜನ. ಗೇಟಿನೆದುರಿನ ಝೆರಾಕ್ಸ್ ಅಂಗಡಿಗೆ ಕೊಟ್ಟು ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಮುಗಿಯಿತು. ಇದು ಕಳ್ಳತನವೇ ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ.

ಪ್ರಶ್ನೆ ಹುಟ್ಟಿದ್ದು ದೆಹಲಿಯಲ್ಲಿ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿಯ ಮೇಲೆ ದಾವೆ ಹೂಡಿದವು. ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದುದು ಅವುಗಳ ತಕರಾರು. 2016ರಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ತಾವು ಕಾನೂನು ಓದುವಾಗ ವಿದ್ಯಾರ್ಥಿಗಳು ಸರದಿಯಲ್ಲಿ ಗ್ರಂಥಾಲಯದಲ್ಲಿ ಕೂತು ಪುಟಗಟ್ಟಲೆ ಕೈಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಅವರು ತೀರ್ಪಿನಲ್ಲಿ ನೆನೆದಿದ್ದಾರೆ. ಕೈಬರಹ ತಪ್ಪಲ್ಲವೆಂದರೆ ಯಂತ್ರ ಬಂದ ಮಾತ್ರಕ್ಕೆ ಅದು ತಪ್ಪಾಗುವುದು ಹೇಗೆ? ಮೇಲ್ಮನವಿ ಕೇಳಿದ ವಿಭಾಗೀಯ ಪೀಠವೂ ಬಹುಮಟ್ಟಿಗೆ ಅದನ್ನೇ ಒಪ್ಪಿತು. ಬೋಧನೆಗೆ ಎಷ್ಟು ಅಗತ್ಯವೋ ಅಷ್ಟು ಎಂಬ ಅಳತೆಗೋಲನ್ನು ಕೊಟ್ಟಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂಪಡೆದರು. ಸುದ್ದಿ ಓದಿ ಹಾಸ್ಟೆಲ್ಲಿನಲ್ಲಿ ನಾವು ನಾವೇ ಗೆದ್ದಂತೆ ಚಹಾ ಕುಡಿದೆವು.

ಆ ತೀರ್ಪು ಸರಿ ಎಂದೇ ಇವತ್ತಿಗೂ ನನ್ನ ನಂಬಿಕೆ. ಆದರೆ ಅದನ್ನು ನಾನು ಎಲ್ಲೆಲ್ಲಿ ಗುರಾಣಿ ಮಾಡಿಕೊಂಡೆ ಎಂಬುದು ಬೇರೆ ಮಾತು.

ಹೋದ ವರ್ಷ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದೆ. ಜಾನಪದದ ಪತ್ರಿಕೆಗೆ ಕನ್ನಡದ ಒಂದು ಪುಸ್ತಕ ಪಠ್ಯವಾಗಿತ್ತು. "ಪುಸ್ತಕ ಎಲ್ಲಿ ಸಿಗುತ್ತೆ ಮೇಡಂ?" ಎಂದು ಹುಡುಗರು ಕೇಳಿದಾಗ "ಎಲ್ಲೂ ಸಿಗಲ್ಲ, ಇದನ್ನೇ ಮಾಡಿಸಿಕೊಳ್ಳಿ" ಎಂದು ನನ್ನ ಪ್ರತಿಯನ್ನು ಕೊಟ್ಟೆ. ಇಡೀ ಪುಸ್ತಕ, ರಕ್ಷಾಪುಟದ ಸಮೇತ, ಅರವತ್ತು ಪ್ರತಿ.

ಕೆಲವು ತಿಂಗಳ ಮೇಲೆ ವಿಚಾರಸಂಕಿರಣವೊಂದರ ಊಟದ ಸಾಲಿನಲ್ಲಿ ಅದರ ಲೇಖಕರು ಸಿಕ್ಕರು. ನಿವೃತ್ತ ಮೇಷ್ಟ್ರು. ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸಿದವರು. "ನಿಮ್ಮ ಕಾಲೇಜಿಗೆ ಪಠ್ಯ ಆಗಿದೆಯಂತಲ್ಲಮ್ಮ, ಬಹಳ ಸಂತೋಷ. ಆದರೆ ಯಾರೂ ಪ್ರತಿ ಕೇಳಿ ಬರೆಯಲಿಲ್ಲ ನೋಡಿ. ಮುನ್ನೂರು ಪುಸ್ತಕ ಇನ್ನೂ ಅಟ್ಟದ ಮೇಲೇ ಇವೆ" ಎಂದರು. ದೂರಿನ ದನಿಯಲ್ಲಲ್ಲ, ಮಳೆ ಬರಲಿಲ್ಲ ನೋಡಿ ಎನ್ನುವ ಹಾಗೆ. ನಾನು "ಓದಿಸುತ್ತಿದ್ದೇನೆ ಸರ್" ಎಂದೆ. ಹೇಗೆ ಓದಿಸುತ್ತಿದ್ದೇನೆ ಎಂದು ಹೇಳಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಪುಸ್ತಕದ ಬೆಲೆ ನೂರ ಐವತ್ತು. ಝೆರಾಕ್ಸಿಗೆ ಬೈಂಡಿಂಗ್ ಸೇರಿ ಹುಡುಗರು ಕೊಟ್ಟದ್ದು ನೂರ ಇಪ್ಪತ್ತು. ಮೂವತ್ತು ರೂಪಾಯಿಯ ವ್ಯತ್ಯಾಸ. ದೆಹಲಿಯ ವಾದದ ಬಲವೆಲ್ಲ ಇದ್ದದ್ದು ವಿದ್ಯಾರ್ಥಿಯ ಕೈಗೆಟುಕದ ಬೆಲೆಯಲ್ಲಿ, ಹತ್ತಾರು ಪುಸ್ತಕಗಳಿಂದ ಒಂದೊಂದು ಅಧ್ಯಾಯ ಬೇಕಾಗುವ ಅಗತ್ಯದಲ್ಲಿ. ನನ್ನ ವಿಷಯದಲ್ಲಿ ಇದ್ದದ್ದು ಒಂದು ಫೋನ್ ಮಾಡುವ ಸೋಮಾರಿತನ. "ಎಲ್ಲೂ ಸಿಗಲ್ಲ" ಎಂದು ಹುಡುಕದೆಯೇ ಹೇಳಿದ ಮಾತು ಸುಳ್ಳಲ್ಲದೆ ಮತ್ತೇನು? ಮೇಷ್ಟ್ರ ಮೊಬೈಲ್ ನಂಬರು ಪುಸ್ತಕದ ಎರಡನೆಯ ಪುಟದಲ್ಲೇ ಇತ್ತು. ಆ ಪುಟವೂ ಅರವತ್ತು ಸಲ ಝೆರಾಕ್ಸ್ ಆಗಿತ್ತು.

ಹಾಗೆಂದು ಕೊಳ್ಳಲೇಬೇಕೆಂದು ಹುಡುಗರಿಗೆ ಕಟ್ಟಪ್ಪಣೆ ಮಾಡಲು ನನಗೆ ಬಾಯಿ ಬರುವುದಿಲ್ಲ. ಮೂವತ್ತು ರೂಪಾಯಿ ಎಂದರೆ ಕೆಲವರಿಗೆ ಒಂದು ದಿನದ ಬಸ್ಸಿನ ಖರ್ಚು. ಫೆಲೋಶಿಪ್ ತೆಗೆದುಕೊಳ್ಳುವ ನಾನು ಇವತ್ತಿಗೂ ಪಿಡಿಎಫ್ ಹುಡುಕುತ್ತೇನೆ. ಅವರಿಗೆ ಯಾವ ಮುಖದಲ್ಲಿ ಹೇಳಲಿ?

ಈ ವರ್ಷ ಮೇಷ್ಟ್ರಿಗೆ ಫೋನ್ ಮಾಡಿ ಐವತ್ತು ಪ್ರತಿ ತರಿಸಿದೆ. ಮೂವತ್ತೊಂದು ಖರ್ಚಾದವು, ಉಳಿದವು ನನ್ನ ಕೋಣೆಯಲ್ಲಿವೆ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಮುಂದೆ ಹಳೆಯ ಸ್ಪೈರಲ್ ಪ್ರತಿ ಕಂಡಿತು, ಅಕ್ಕನದ್ದಿರಬೇಕು. ನನ್ನನ್ನು ನೋಡಿ ಅದನ್ನು ನೋಟ್‌ಬುಕ್ಕಿನ ಕೆಳಗೆ ಸರಿಸಿದಳು. ನಾನು ಕಾಣದವಳಂತೆ ಪಾಠ ಮುಂದುವರಿಸಿದೆ.