ಕಮ್ಮಾರನ ಕೈ, ಕರ್ತೃವಿನ ಪ್ರಶ್ನೆ

ಇಸ್ರೇಲಿನ ಬೀರ್‌ಶೇವಾದಲ್ಲಿರುವ ಬೆನ್‌ಗುರಿಯನ್ ವಿಶ್ವವಿದ್ಯಾಲಯದಲ್ಲಿ ಅಂಗಚಲನೆಯ ನಿಯಂತ್ರಣವನ್ನು ಗಣಿತದ ಮೂಲಕ ಅರಿಯಲೆಂದೇ ಒಂದು ಕಾರ್ಯಾಗಾರ ವರ್ಷವರ್ಷವೂ ನಡೆದುಬಂದಿದೆ. ಲೋಟಕ್ಕೆ ಕೈಚಾಚುವಾಗ ಮಿದುಳು ಏನೇನು ಲೆಕ್ಕ ಹಾಕುತ್ತದೆ ಎಂಬಂಥ ಪ್ರಶ್ನೆಗಳು ಈ ಶಾಸ್ತ್ರದವು. ವೇದಾಂತಿಗೆ ಇಲ್ಲೇನು ಕೆಲಸ ಅನ್ನಿಸಬಹುದು. ಆದರೆ ಈ ವಿಜ್ಞಾನಿಗಳು ಅಳೆಯಲು ಹೊರಟಿರುವುದು ನಮ್ಮ ದರ್ಶನಕಾರರು ತಲೆತಲಾಂತರ ವಾದ ಮಾಡಿದ ವಿಷಯವನ್ನೇ: ಮಾಡುವವನು ಯಾರು? ನಮ್ಮ ಕಚಗುಳಿ ನಮಗೇ ಯಾಕೆ ಆಗುವುದಿಲ್ಲ ಎಂದು ಬ್ಲೇಕ್‌ಮೋರ್, ವೋಲ್ಪರ್ಟ್, ಫ್ರಿತ್ ಎಂಬವರು 1998ರಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದರು. ಕೈಗೆ ಆಜ್ಞೆ ಹೋಗುವಾಗಲೇ ಅದರ ಪರಿಣಾಮದ ಮುನ್ನಂದಾಜೂ ಸಿದ್ಧವಾಗುತ್ತದೆ, ಅಂದಾಜಿಗೆ ಹೊಂದಿದ ಸ್ಪರ್ಶವನ್ನು ಮಿದುಳು ತಗ್ಗಿಸಿಬಿಡುತ್ತದೆ ಎಂಬುದು ಅವರ ವಿವರಣೆ. ಕೈಯ ಚಲನೆಗೂ ಸ್ಪರ್ಶಕ್ಕೂ ನಡುವೆ ಯಂತ್ರವೊಂದನ್ನಿಟ್ಟು 200 ಮಿಲಿಸೆಕೆಂಡ್ ತಡಮಾಡಿದರೆ ಸಾಕು, ಸ್ವಂತ ಕೈಯೂ ಪರರ ಕೈಯಂತೆ ಕಚಗುಳಿಯಿಡತೊಡಗುತ್ತದೆ. ಅದೇ 1998ರ ಇನ್ನೊಂದು ಪ್ರಯೋಗ ಫೂರ್ನೆರೆ ಮತ್ತು ಜನೆರೊ ಅವರದು. ಕೈ ಕಾಣದಂತೆ ಮರೆಮಾಡಿ, ಎಳೆದ ಗೆರೆಯನ್ನು ಪರದೆಯ ಮೇಲೆ ಕದ್ದು ಓರೆಯಾಗಿಸಿ ತೋರಿಸಿದರು. ಜನ ಕೈಯನ್ನು ಎದುರು ದಿಕ್ಕಿಗೆ ವಾಲಿಸಿ ಗುರಿ ಮುಟ್ಟಿದರು, ಆದರೆ ಕೈ ನೇರವಾಗಿಯೇ ಹೋಯಿತೆಂದು ನಂಬಿದರು.

ಇಷ್ಟಾದ ಮೇಲೆ, ಕರ್ತೃವೆಂಬುವನೇ ಇಲ್ಲ, ಎಲ್ಲವೂ ನರಗಳ ಆಟ ಎಂದುಬಿಡುವುದು ಸುಲಭ. ಅಹಂಕಾರದಿಂದ ಮರುಳಾದವನು ಪ್ರಕೃತಿಯ ಕೆಲಸವನ್ನು ತನ್ನದೆಂದುಕೊಳ್ಳುತ್ತಾನೆ ಎನ್ನುವ ಗೀತೆಯ ಮಾತಿಗೆ ವಿಜ್ಞಾನದ ಮುದ್ರೆ ಬಿತ್ತೆಂದು ಸಂಭ್ರಮಿಸುವವರೂ ಇದ್ದಾರೆ. ಅದು ಅವಸರದ ಸಂಭ್ರಮ. ಈ ಪ್ರಯೋಗಗಳು ಅಲುಗಾಡಿಸಿರುವುದು 'ನಾನು ಮಾಡಿದೆ' ಎಂಬ ಅನುಭವದ ಸಾಕ್ಷ್ಯವನ್ನು, ಕರ್ತೃತ್ವವನ್ನಲ್ಲ. ಸಾಕ್ಷಿ ತಡವರಿಸಿದ ಮಾತ್ರಕ್ಕೆ ಘಟನೆಯೇ ನಡೆಯಲಿಲ್ಲ ಎನ್ನಲಾಗದು. ಹಾಗಾದರೆ ಕರ್ತೃತ್ವವನ್ನು ಹುಡುಕಬೇಕಾದ್ದು ಎಲ್ಲಿ? 1920ರ ದಶಕದ ಮಾಸ್ಕೋದಲ್ಲಿ ನಿಕೊಲಾಯ್ ಬೆರ್ನ್‌ಸ್ಟೈನ್ ಸುತ್ತಿಗೆ ಬೀಸುವ ನುರಿತ ಕೆಲಸಗಾರರನ್ನು ಚಿತ್ರೀಕರಿಸಿದ. ಏಟಿನಿಂದ ಏಟಿಗೆ ಭುಜ, ಮೊಣಕೈ, ಮಣಿಕಟ್ಟುಗಳ ಕೋನ ಬದಲಾಗುತ್ತಿತ್ತು. ಸುತ್ತಿಗೆಯ ತುದಿಯ ದಾರಿ ಮಾತ್ರ ಅಷ್ಟಾಗಿ ಬದಲಾಗುತ್ತಿರಲಿಲ್ಲ. ಒಂದು ಕೀಲಿನ ತಪ್ಪನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಟೊಡೊರೊವ್ ಮತ್ತು ಜೋರ್ಡನ್ 2002ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು: ಗುರಿಗೆ ಅಡ್ಡಬಾರದ ಏರುಪೇರನ್ನು ದೇಹ ತಿದ್ದುವ ಗೋಜಿಗೇ ಹೋಗುವುದಿಲ್ಲ, ಗುರಿಯನ್ನು ಕೆಡಿಸುವುದನ್ನಷ್ಟೇ ತಿದ್ದುತ್ತದೆ. ಅಂದರೆ ಚಲನೆಯನ್ನು ಒಂದೇ ಕ್ರಿಯೆಯಾಗಿ ಕಟ್ಟಿ ಹಿಡಿದಿರುವುದು ಉದ್ದೇಶ. ಪ್ರತಿ ಸ್ನಾಯುವಿನ ಸೆಳೆತಕ್ಕೂ ನಾನು ಸಹಿ ಹಾಕಿಲ್ಲವೆಂಬುದು ನಿಜ, ಆದರೆ ಕರ್ತೃತ್ವವನ್ನು ಹುಡುಕಬೇಕಾದ ಜಾಗ ಅದಲ್ಲವೇ ಅಲ್ಲ.

ಇಲ್ಲಿ ಕರ್ತೃವನ್ನು ಅಲ್ಲಗಳೆಯುವವರು ನರವಿಜ್ಞಾನಿ ಲಿಬೆಟ್‌ನನ್ನು ಮುಂದೆ ತರುತ್ತಾರೆ. ಬೆರಳಾಡಿಸಬೇಕೆಂಬ ಇಚ್ಛೆ ಅರಿವಿಗೆ ಬರುವ ಮೊದಲೇ ಮಿದುಳಿನಲ್ಲಿ ತಯಾರಿಯ ಅಲೆ ಏಳುತ್ತದೆಂದು ಆತ 1983ರಲ್ಲಿ ತೋರಿಸಿದ. ಆ ಅಲೆ ನಿರ್ಧಾರವೇ ಆಗಿರಬೇಕಿಲ್ಲ, ಮಿದುಳಿನ ಸಹಜ ಏರಿಳಿತ ಹೊಸ್ತಿಲು ದಾಟಿದ ಕ್ಷಣಗಳನ್ನೇ ಆರಿಸಿ ಸರಾಸರಿ ಮಾಡಿದರೂ ಅಂಥದೇ ಅಲೆ ಕಾಣುತ್ತದೆ ಎಂದು ಶರ್ಗರ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಅದಿರಲಿ, ಯಾವಾಗ ಬೇಕಾದರೂ ಬೆರಳಾಡಿಸುತ್ತೇನೆಂದು ಒಪ್ಪಿ ಕುರ್ಚಿಯಲ್ಲಿ ಕುಳಿತಾಗಲೇ ಪ್ರಯೋಗಕ್ಕೆ ಒಳಗಾದವನ ತೀರ್ಮಾನ ಆಗಿತ್ತಲ್ಲ! ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಆ ಉದ್ದೇಶವಾದರೂ ನನ್ನ ಸ್ವಂತದ್ದೇ? ಅದೂ ಹುಟ್ಟು, ಪರಿಸರ, ಅಭ್ಯಾಸಗಳಿಂದ ಬಂದದ್ದಲ್ಲವೇ? ಬಂದದ್ದೇ. ಆದರೆ ಬೇರೆಡೆಯಿಂದ ಬಂದದ್ದೆಂಬ ಮಾತ್ರಕ್ಕೆ ಕರ್ತೃತ್ವ ಅಳಿಯುತ್ತದೆಯೇ? ಬ್ರಹ್ಮಸೂತ್ರದಲ್ಲಿ ಜೀವಾತ್ಮನ ಕರ್ತೃತ್ವವನ್ನು ಚರ್ಚಿಸುವಾಗ ಬಡಗಿಯ ಹೋಲಿಕೆ ಬರುತ್ತದೆ. ಶಂಕರರ ಓದಿನಲ್ಲಿ ಬಡಗಿ ಉಪಕರಣ ಹಿಡಿದಾಗಷ್ಟೇ ಕರ್ತೃ, ಕೆಳಗಿಟ್ಟರೆ ಅಲ್ಲ. ಹಾಗೆಯೇ ಆತ್ಮನ ಕರ್ತೃತ್ವವೂ ಉಪಾಧಿಯಿಂದ ಅಂಟಿದ್ದು. ಉಡುಪಿಯ ಮಧ್ವರ ಓದು ಬೇರೆ: ಬಡಗಿ ಕೆಲಸ ಮಾಡಿಸುವವನ ಅಧೀನ, ಆದರೂ ಮಾಡುವವನು ಬಡಗಿಯೇ, ಈಶ್ವರನ ಅಧೀನನಾದ ಜೀವಾತ್ಮನೂ ಹಾಗೆಯೇ. ಅಧೀನತೆ ಕರ್ತೃತ್ವವನ್ನು ಅಳಿಸುವುದಿಲ್ಲ. ಮಾಡಿಸುವ ಈಶ್ವರನನ್ನು ಪ್ರಯೋಗಶಾಲೆ ಒಪ್ಪಲಿ ಬಿಡಲಿ, ಈ ತರ್ಕ ಅದರ ಸಾಕ್ಷ್ಯಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾರಣಗಳಿಂದ ಬಂದ ಉದ್ದೇಶವೂ ಕೈಯನ್ನು ತಿದ್ದುತ್ತದೆ. ತಿದ್ದುವ ಶಕ್ತಿಯಿರುವಷ್ಟೂ ಅದನ್ನು ಪೊಳ್ಳು ಎನ್ನಲು ಬರುವುದಿಲ್ಲ.

ಹಾಗೆಂದು ಕರ್ತೃವಿನ ಮಾತನ್ನೆಲ್ಲ ನಂಬಬೇಕಿಲ್ಲ. ಶೆರ್ಗಿಲ್ ಮತ್ತು ಸಂಗಡಿಗರು 2003ರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಸರದಿಯಂತೆ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತುವಂತೆ ಮಾಡಿದರು. ನಿಮ್ಮ ಮೇಲೆ ಬಿದ್ದಷ್ಟೇ ಬಲ ಹಾಕಿ ಎಂಬುದೊಂದೇ ಸೂಚನೆ. ಒತ್ತಡ ಸರದಿಯಿಂದ ಸರದಿಗೆ ಏರುತ್ತಲೇ ಹೋಯಿತು. ಯಾರೂ ಮೋಸ ಮಾಡಲಿಲ್ಲ. ತನ್ನ ಒತ್ತನ್ನು ಮಿದುಳು ತಗ್ಗಿಸಿ ತೋರಿಸಿದ್ದರಿಂದ ಪ್ರತಿಯೊಬ್ಬರಿಗೂ ತಾನು ಸಮಸಮ ಕೊಟ್ಟಂತೆಯೇ ಅನ್ನಿಸಿತು. ಬೆರಳಿನಿಂದ ನೇರ ಒತ್ತುವ ಬದಲು ಜಾಯ್‌ಸ್ಟಿಕ್ ಮೂಲಕ ಬಲ ಹಾಕಿಸಿದಾಗ ಅಂದಾಜು ಸರಿಹೋಯಿತು. 'ಅವರು ಮಾಡಿದಷ್ಟೇ ನಾನೂ ಮಾಡಿದೆ' ಎಂಬ ಪ್ರಾಮಾಣಿಕ ಮಾತೂ ಸುಳ್ಳಾಗಬಹುದು, ಅದನ್ನು ಆಡಿದವನು ಕರ್ತೃವಾಗಿಯೇ ಉಳಿದಿರುವಾಗಲೂ. ಅಹಂಕಾರದ ಬಗ್ಗೆ ವೇದಾಂತ ಪಟ್ಟ ಸಂಶಯಕ್ಕೆ ಈ ಬೆರಳಾಟದಲ್ಲಿ ಹೆಚ್ಚಿನ ಆಧಾರ ಸಿಗುತ್ತದೆ. ಅದು ತೋರಿಸುವುದು ಮಾಡುವವನು ಇಲ್ಲವೆಂದಲ್ಲ, ತಾನು ಎಷ್ಟು ಮಾಡಿದೆನೆಂಬ ಲೆಕ್ಕವನ್ನು ಅವನ ಕೈಗೇ ಬಿಡಬಾರದೆಂದು.